ಎರಡು ವೈರು, ಎರಡು ಬದಿ

ಗುರುನಾಥ,

ನಿಮ್ಮಣ್ಣನ ಮೀನುಗಾರಿಕೆ ಲೈಸೆನ್ಸು ನನ್ನ ಹೆಸರಿಗೆ ಮಾಡಿಸಲು ಇಂಡಿಯ ಮೀನುಗಾರಿಕೆ ಕಚೇರಿಗೆ ಹೊರಟಿದ್ದೇನೆ. ದೋಣಿ ಕೊಳ್ಳಲು ಬರುವವರಿಗೆ ಮಾರುವುದಿಲ್ಲ ಎಂದು ಹೇಳಿ ಕಳಿಸು.

ಮೀನು ತೋರಿಸುವ ಯಂತ್ರ ಕೆಟ್ಟಿಲ್ಲ. ಚೆಂದ ಕಾಣಲೆಂದು ನೀನು ಅದರ ವೈರನ್ನೂ ಮೋಟಾರಿನ ವೈರನ್ನೂ ಕೂಡಿಸಿ ಹಳೆ ಸೀರೆಯ ಅಂಚಿನಿಂದ ಬಿಗಿದೆ. ಮೋಟಾರಿನ ಕರೆಂಟಿನ ಗದ್ದಲ ಪಕ್ಕದ ವೈರಿಗೂ ತಾಗುತ್ತದೆ: ಮೋಟಾರು ಶುರುವಾದರೆ ಯಂತ್ರದ ಪರದೆ ತುಂಬ ಚುಕ್ಕೆ, ನಿಲ್ಲಿಸಿದರೆ ಒಂದೂ ಇಲ್ಲ. ಆ ಚುಕ್ಕೆಗಳನ್ನೇ ಮೀನೆಂದು ನಂಬಿ ಮೂರು ದಿನ ಖಾಲಿ ಬಲೆ ಎಳೆದೆವು. "ಗಂಡ ಸತ್ತಾಕಿ ದೋಣಿ ಹತ್ತಿದ್ರ ಹೊಳಿ ಮೀನ ಕೊಡ್ತೈತೇನು?" ಎಂದರು ಅತ್ತೆ. ನೀನು ಬಲೆ ಮಡಚಿ ಒಳಗಿಟ್ಟೆ.

ಇವತ್ತು ಆ ಕಟ್ಟು ಬಿಚ್ಚು. ಮೋಟಾರಿನ ವೈರು ಎಡಬದಿಗೆ, ಯಂತ್ರದ್ದು ಬಲಬದಿಗೆ, ಬ್ಯಾಟರಿಯಿಂದಲೇ ಬೇರೆ ಬೇರೆ ಹೋಗಲಿ. ಒಂದನ್ನೊಂದು ದಾಟಲೇಬೇಕಾದ ಕಡೆ ನೇರ ಅಡ್ಡ ದಾಟಿಸು, ಜೊತೆಜೊತೆಗೆ ಎಳೆಯಬೇಡ.

ಪುಂಡಿ ಪಲ್ಯ, ರೊಟ್ಟಿ ಮುಚ್ಚಿಟ್ಟಿದ್ದೇನೆ. ಅತ್ತೆಗೆ ಪಲ್ಯ ಬಿಸಿ ಮಾಡಿ ಕೊಡು, ತಣ್ಣಗಿದ್ದರೆ ಅವರು ಉಣ್ಣುವುದಿಲ್ಲ.

ಸಂಜೆ ಹೊಳೆಗೆ ಇಳಿಯುತ್ತೇನೆ. ಮೋಟಾರು ನಾನು ನಡೆಸುತ್ತೇನೆ. ಬಲೆ ಬಿಡಲು ನೀನು ಬಂದರೆ ಒಳ್ಳೆಯದು. ಬರದಿದ್ದರೆ ಅದನ್ನೂ ನಾನೇ ಕಲಿಯುತ್ತೇನೆ.

ನಿನ್ನ ವೈನಿ,
ಕೋಮಲ