ನನ್ನ ಮೂರು ಮುಖಗಳು

ಸೆರ್ವಾ,

ಮೇಜಿನ ಮೇಲೆ ನನ್ನ ಮುಖ ಅಚ್ಚಾದ ಮೂರು ಹಾಳೆಗಳಿವೆ. ನಿನ್ನೆ ಕುಮಾಸಿ ಪೇಟೆಯ ಮೂರು ಅಂಗಡಿಗಳಲ್ಲಿ ಬ್ಯಾನರ್ ಅಚ್ಚು ಹಾಕುವ ಯಂತ್ರ ನೋಡಿ, ಒಂದೇ ಫೋಟೊ ಕೊಟ್ಟು ಅಚ್ಚು ಹಾಕಿಸಿದೆ. ಮೊದಲನೆಯದರಲ್ಲಿ ಬೂದಿ ಬಳಿದುಕೊಂಡಂತಿದ್ದೇನೆ. ನಮ್ಮ ಅಂಗಡಿಯ ಹಳೆಯ ಯಂತ್ರ ಆ ಮದುವೆ ಬ್ಯಾನರಿನಲ್ಲಿ ಮದುಮಗಳನ್ನು ಹೀಗೇ ಮಾಡಿತ್ತು. ಎರಡನೆಯದರಲ್ಲಿ ತಾಳೆಎಣ್ಣೆಯಷ್ಟು ಕೆಂಪು. ಮೂರನೆಯ ಅಂಗಡಿಯ ಓಪೋಕು ನನಗೆ ಕುರ್ಚಿ ಕೊಟ್ಟು, "ಇದು ನೀವಲ್ಲ ಅಜ್ಜಿ, ನಿಮ್ಮಕ್ಕ ಇರ್ಬೇಕು. ತಡೀರಿ," ಎನ್ನುತ್ತಾ ನಾಲ್ಕು ಸಲ ಬಣ್ಣ ತಿದ್ದಿದ. ಕೊನೆಗೆ ನಾನೇ ಬಂದೆ, ನೋಡು.

ಇವತ್ತೇ ಹೋಗಿ ಓಪೋಕು ತೋರಿಸಿದ ಯಂತ್ರವನ್ನೇ ಕೊಂಡುಕೋ. ನಿಧಾನದ ಯಂತ್ರವೆಂದು ಗೊಣಗಬೇಡ. ಮದುಮಗಳ ತಾಯಿ ಬ್ಯಾನರ್ ಹಿಂದಿರುಗಿಸಿದ ದಿನ ನೀನು ಊಟ ಬಿಟ್ಟಿದ್ದೆ.

ಒಲೆಯ ಮೇಲೆ ಶೇಂಗಾ ಸಾರಿದೆ, ಉಂಡು ಹೊರಡು. ನಾನು ಚರ್ಚಿಗೆ ಹೊರಟೆ.

ಹೊಸ ಯಂತ್ರದ ಮೊದಲ ಬ್ಯಾನರಿಗೆ ನನ್ನ ಮುಖವನ್ನೇ ಹಾಕು. ಹತ್ತಡಿ ಎತ್ತರವಿರಲಿ, ನಾನೇನೂ ನಾಚುವುದಿಲ್ಲ.

ಅಜ್ಜಿ