ಅಮ್ಮನ ಎಡಗೈ

ಮನೆಯಿಂದ, ಭಾನುವಾರ ಬೆಳಿಗ್ಗೆ

ಪ್ರೀತಿಯ ಗುಬ್ಬೀ,

ಹೇಗಿದ್ದೀಯಮ್ಮ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀ ತಾನೆ? ನನ್ನ ಮಂಡಿನೋವು ಇದ್ದ ಹಾಗೇ ಇದೆ. ಅಮ್ಮ ಚೆನ್ನಾಗಿದ್ದೇನೆ ಅಂತ ಫೋನಿನಲ್ಲಿ ಹೇಳಿರುತ್ತಾಳೆ, ಅರ್ಧ ನಂಬು.

ಹೋದ ವರ್ಷ ಅವಳ ಎದೆಯ ಕ್ಯಾನ್ಸರ್ ಗಂಟಿನ ಜೊತೆ ಕಂಕುಳಿನ ಗ್ರಂಥಿಗಳನ್ನೂ ತೆಗೆದರಲ್ಲ, ಆಮೇಲೆ ಎಲ್ಲ ಸರಿಯಿತ್ತು. ಈಚೆಗೆ ನೋಡಿದರೆ ಸೆಖೆಯಲ್ಲೂ ತುಂಬುತೋಳಿನ ಅಂಗಿ. ಮಧ್ಯಾಹ್ನ ಚೀಲ ಹಿಡಿದ ಹೆಂಗಸೊಬ್ಬಳು ಬರುವುದು, ಇಬ್ಬರೂ ಕೋಣೆ ಸೇರಿ ಚಿಲಕ ಹಾಕಿಕೊಳ್ಳುವುದು. ಕೇಳಿದರೆ "ಹೊಲಿಗೆ ಕಲಿಸ್ತಾಳೆ" ಅಂದಳು. ಹೊಲಿಗೆ ಯಂತ್ರ ಇರುವುದು ಹಜಾರದಲ್ಲಿ. ನನ್ನ ತಲೆಗೆ ಹುಳ ಹೊಕ್ಕಿತು. ಒಂದು ದಿನ ಚಿಲಕ ಹಾಕಲು ಮರೆತಿದ್ದರು, ನೀರು ಕೊಡುವ ನೆಪದಲ್ಲಿ ಬಾಗಿಲು ತಳ್ಳಿದೆ. ಅಮ್ಮನ ಎಡಗೈ ದಿಂಬಿನಂತೆ ಊದಿದೆ. ಆ ಹೆಂಗಸು ಊದಿದ ಕೈ ಬಿಟ್ಟು ಕುತ್ತಿಗೆ ಸವರುತ್ತಿದ್ದಾಳೆ, ಅದೂ ಮಲಗಿದ ಬೆಕ್ಕಿಗೆ ಎಚ್ಚರವಾಗದ ಹಾಗೆ. ಇದ್ಯಾವ ಮೋಸ ಅಂತ ಜಗಳಕ್ಕೇ ನಿಂತೆ.

ಅವಳು ಆಸ್ಪತ್ರೆಯ ಫಿಸಿಯೋಥೆರಪಿಯವಳಂತೆ. ಸಿಟ್ಟಾಗಲಿಲ್ಲ. "ರಕ್ತನಾಳದಿಂದ ಜಿನುಗಿದ ನೀರೆಲ್ಲ ನೇರ ವಾಪಸ್ ಹೋಗಲ್ಲ, ಯಜಮಾನ್ರೇ. ಉಳಿದದ್ದು ದುಗ್ಧರಸ. ಸಣ್ಣ ನಾಳಗಳು ಅದನ್ನ ಹೊತ್ತು ಕುತ್ತಿಗೆ ಬುಡದಲ್ಲಿ ರಕ್ತಕ್ಕೆ ಸೇರಿಸ್ತವೆ. ದಾರೀಲಿ ಗ್ರಂಥಿಗಳು ರೋಗಾಣು ಸೋಸ್ತವೆ. ಇವರ ಕಂಕುಳಲ್ಲಿ ಆ ದಾರಿ ತುಂಡಾಗಿದೆ, ಅದಕ್ಕೇ ನೀರು ನಿಂತಿದೆ." ಆಯಸ್ಸೆಲ್ಲ ಕೊಳಾಯಿ ಕೆಲಸ ಮಾಡಿದವನು ಬಿಡುತ್ತೇನಾ? ಪಂಪಿಲ್ಲದೆ ನೀರು ಹೇಗೆ ಏರುತ್ತೆ ಅಂದೆ. ಹೃದಯದಂಥ ಪಂಪು ಇಲ್ಲವಂತೆ. ನಾಳಗಳೇ ತುಸು ಹಿಂಡುತ್ತವಂತೆ, ಸ್ನಾಯುಗಳ ಆಟ, ಉಸಿರಾಟ ದೂಡುತ್ತವಂತೆ, ಒಳಗಿನ ಕವಾಟಗಳು ಹಿಂದಕ್ಕೆ ಹರಿಯಗೊಡುವುದಿಲ್ಲವಂತೆ. ಗಟ್ಟಿಯಾಗಿ ಒತ್ತಿದರೆ ಆ ಸಣ್ಣ ನಾಳ ಮುಚ್ಚಿಕೊಳ್ಳುತ್ತದೆ. ಮೊದಲು ಕುತ್ತಿಗೆಯ ಬಳಿ ದಾರಿ ತೆರವಾದರೆ ಕೈಯ ನೀರು ಬೇರೆ ದಾರಿ ಹಿಡಿಯುತ್ತದೆ.

ತಲೆಯಾಡಿಸಿದೆ, ನಂಬಲಿಲ್ಲ. ದಿನವೂ ಅಮ್ಮನ ಕೈಯ ಮೇಲೇ ಕಣ್ಣು. ಕ್ರಮೇಣ, ಕಾಣದಾಗಿದ್ದ ಬೆರಳ ಗೆಣ್ಣುಗಳು ಮತ್ತೆ ಎದ್ದು ಕಂಡವು. ಆಗ ನಂಬಿದೆ. ಯಾಕೆ ಮುಚ್ಚಿಟ್ಟೆ ಅಂತ ಅಮ್ಮನನ್ನು ಕೇಳಿದರೆ "ನೀವು ಬೀದಿಗೆಲ್ಲ ಡಂಗುರ ಹೊಡೀತೀರಿ, ಮಗಳು ಕೆಲಸ ಬಿಟ್ಟು ಓಡಿ ಬರ್ತಾಳೆ" ಅಂದಳು. ಈಗ ಆ ಹೆಂಗಸಿಗೆ ರಜೆಯಿದ್ದ ದಿನ ನಾನೇ ಸವರುತ್ತೇನೆ, ಅವಳೇ ಕಲಿಸಿದಳು. ಪೈಪು ತಿರುಪಿದ ಕೈ ನೋಡು, "ಇನ್ನೂ ಮೆಲ್ಲಗೆ" ಅಂತ ಬೈಸಿಕೊಳ್ಳುತ್ತದೆ.

ಜೋಪಾನ, ಕಂದ. ನಿನಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ ಅಪ್ಪ

ಅಮ್ಮ ಸ್ನಾನಕ್ಕೆ ಹೋದ ಬಚ್ಚಲಲ್ಲಿ ನೀರಿನ ಸದ್ದು ನಿಂತಿತು, ಬೇಗ ಬರೆಯುತ್ತೇನೆ. ಮೊನ್ನೆ ಡಾಕ್ಟರು "ಮಗಳಿದ್ದಾಳಾ? ಅವಳೂ ಒಮ್ಮೆ ಎದೆಯ ತಪಾಸಣೆ ಮಾಡಿಸಿಕೊಳ್ಳಲಿ" ಅಂದರು. ಅಮ್ಮ ಹೂಂ ಅಂದು ಬಂದವಳು, ನಿನಗೆ ತಿಳಿಸಕೂಡದು ಅಂತ ನನ್ನಿಂದ ಆಣೆ ಹಾಕಿಸಿಕೊಂಡಳು. ಈ ವಾರವೇ ಹೋಗು. "ಎಲ್ಲ ಸರಿ ಇದೆಯಪ್ಪ" ಅಂತ ಬರೆದರೆ ನಾನು ನಂಬುವವನಲ್ಲ. ಡಾಕ್ಟರ ಚೀಟಿಯನ್ನೇ ಕಳಿಸು.