ನಾನು ಓದಿ ಹೇಳಿದ ಸಾಲು

ಮಾರ್ಚ್ 3, ಸೋಮ. ಸಂಜೆ 5.30

ಸೋಪಿನ ಪುಡಿ ಹಾಕಿ ಮೂರು ಸಲ ಉಜ್ಜಿದೆ. ಉಗುರು ಇನ್ನೂ ಕಪ್ಪು. ಕೈ ನೋಡಿದರೆ ಮೆಕ್ಯಾನಿಕ್, ಕೆಲಸ ನೋಡಿದರೆ ಸೊನ್ನೆ.

ಇವತ್ತೂ ಡಿಫರೆನ್ಷಿಯಲ್, ಹಿಂದಿನ ಚಕ್ರ ತಿರುಗಿಸುವ ಗೇರುಗಳು. ನಾಲ್ಕನೇ ಬೆಂಚು, ಹಳೇ ಲಾರಿಯ ಹಿಂದಿನ ಆಕ್ಸಲ್. ಪಾರ್ಟ್ನರ್ ಗ್ರೀಸು. ಆ ಹೆಸರಿಟ್ಟದ್ದು ಐಟಿಐ ಸೀನಿಯರ್ಸ್. ನನಗೆ ಡಿಕ್ಷನರಿ ಅಂತ ಇಟ್ಟಿದ್ದಾರೆ. ದೊಡ್ಡ ಕ್ರೌನ್ ವೀಲಿನ ಹಲ್ಲಿಗೂ ಪುಟ್ಟ ಪಿನಿಯನ್ನಿನ ಹಲ್ಲಿಗೂ ನಡುವೆ ಕೂದಲೆಳೆಯಷ್ಟು ಸಡಿಲ ಇರಬೇಕು. ಅದೇ ಬ್ಯಾಕ್‌ಲ್ಯಾಶ್. ಹೆಚ್ಚಾದರೆ ಗಾಡಿ ಲಟಕ್ ಅನ್ನುತ್ತದೆ. ಕಡಿಮೆಯಾದರೆ ಕಾದು, ಕೂಗಿ, ಹಲ್ಲು ಹಾಳು. ಡೆಫಿನಿಷನ್ ನಿದ್ದೆಯಲ್ಲೂ ಹೇಳಬಲ್ಲೆ. ಅದನ್ನು ಅಳೆಯುವ ಡಯಲ್ ಗೇಜ್ ಹಿಡಿದರೆ ಮಾತ್ರ ಮುಳ್ಳಿಗಿಂತ ನನ್ನ ಕೈಯೇ ಹೆಚ್ಚು ಅಲ್ಲಾಡುತ್ತದೆ.

ಗ್ರೀಸು ಗೇಜ್ ಇಡುವ ಮೊದಲೇ ವೀಲನ್ನು ಹಿಂದೆ ಮುಂದೆ ಆಡಿಸಿ, "ಪಾಯಿಂಟ್ ಟೂ ಟೂ ಇರ್ಬೇಕು" ಅಂದಳು. ಇಟ್ಟು ನೋಡಿದರೆ ಪಾಯಿಂಟ್ ಟೂ ತ್ರೀ ಮಿಲಿಮೀಟರ್.

ಸರ್ ನಕ್ಕರು. "ಏನಮ್ಮ, ಬೆರಳಲ್ಲೇ ಗೇಜ್ ಇಟ್ಕೊಂಡು ಹುಟ್ಟಿದ್ಯಾ?" ಆಮೇಲೆ ನನಗೆ, "ಡಿಕ್ಷನರಿ, ಬರ್ಕೊಳಮ್ಮ."

ಬರ್ಕೊಳಮ್ಮ! ಏಳು ತಿಂಗಳಿಂದ ಅದೇ ಕೆಲಸ. ಅವಳು ಮಾಡುವುದು, ನಾನು ಬರೆದುಕೊಳ್ಳುವುದು.

ಮಾರ್ಚ್ 5, ಬುಧ

ನೋಟಿಸ್ ಬಂತು. ಬಸ್ ಡಿಪೋದಲ್ಲಿ ಎರಡು ತಿಂಗಳ ಟ್ರೈನಿಂಗ್. ಬೆಂಚಿಗೆ ಒಬ್ಬರೇ. ಅಂದರೆ ಅವಳು, ಇಲ್ಲ ನಾನು.

ಸೋಮವಾರ ಟೆಸ್ಟ್. ಬೇರೆ ಆಕ್ಸಲ್ ಕೊಡುತ್ತಾರಂತೆ, ಯಾವುದು ಅಂತ ಅಲ್ಲೇ ಗೊತ್ತಾಗುವುದು. ಒಬ್ಬಳು ಅಡ್ಜಸ್ಟ್ ಮಾಡುವಾಗ ಇನ್ನೊಬ್ಬಳು ಮ್ಯಾನುವಲ್ ನೋಡಿ ಅಳತೆ ಹೇಳಬೇಕು. ಆಮೇಲೆ ಎಲ್ಲ ಸಡಿಲಿಸಿ ಇನ್ನೊಬ್ಬಳ ಸರದಿ.

"ನೀನಿದ್ದೀಯಲ್ಲ ಬಿಡೇ" ಅಂದಳು ಗ್ರೀಸು. ಅವಳಿಗೆ ಅಂಕಿ ಓದಲು ಬರುತ್ತದೆ. ಆದರೆ ಮ್ಯಾನುವಲ್ಲಿನ ಟೇಬಲ್‌ನಲ್ಲಿ ಹನ್ನೊಂದು ಆಕ್ಸಲ್, ಹೆಸರೆಲ್ಲ ಇಂಗ್ಲಿಷ್. ಯಾವ ಸಾಲು ಅಂತ ತಿಳಿಯುವುದಿಲ್ಲ.

ಅಪ್ಪನಿಗೆ ಫೋನ್ ಮಾಡಿದೆ. "ಸೆಲೆಕ್ಟ್ ಆದ್ಮೇಲೆ ಹೇಳು" ಅಂದರು.

ಮಾರ್ಚ್ 9, ಭಾನು

ಗ್ರೀಸಿನ ಅಪ್ಪ ಬಂದಿದ್ದರು. ಗ್ಯಾರೇಜಿನ ಬಟ್ಟೆಯಲ್ಲೇ. ಗೇಟಿನ ಪಕ್ಕ ನಿಂತು ಅಪ್ಪ ಮಗಳದು ಜಗಳ, ಯಾವುದೋ ಗಾಡಿಯ ಬೇರಿಂಗ್ ಬಗ್ಗೆ.

"ನೀನು ಹಾಕಿದ್ದು ಸರಿ ಇಲ್ಲಪ್ಪ. ತಿಂಗಳಲ್ಲಿ ಮತ್ತೆ ಕೂಗುತ್ತೆ ನೋಡು."

"ಹೋಗೇ! ನನಗೇ ಹೇಳ್ಕೊಡೋಕೆ ಬಂದ್ಲು ಇವ್ಳು!" ಅಂತ ತಲೆಗೊಂದು ಮೊಟಕಿದರು.

ಎಂಥ ಮೊಟಕು ಅದು. ನೋಡುತ್ತಾ ನಿಂತುಬಿಟ್ಟೆ. ಒಂಬತ್ತು ವರ್ಷಕ್ಕೇ ನನ್ನನ್ನು ಹಾಸ್ಟೆಲ್‌ಗೆ ಹಾಕಿದರು. ಅಪ್ಪನ ಜೊತೆ ಜಗಳ ಆಡುವಷ್ಟು ಹೊತ್ತು ಒಟ್ಟಿಗೆ ಇದ್ದದ್ದೇ ಇಲ್ಲ.

ಹೊರಡುವಾಗ ನನ್ನ ಕಡೆ ತಿರುಗಿದರು. "ನೀನೇನಮ್ಮ ಓದಿ ಹೇಳೋಳು? ಇವ್ಳ ಕೈ ಗಟ್ಟಿ, ಓದೋದ್ರಲ್ಲಿ ಮೊದ್ಲಿಂದ ಪೆದ್ದಿ. ಸ್ವಲ್ಪ ನೋಡ್ಕೋ ತಾಯಿ."

ಹೂಂ ಅಂದೆ. ಹೊಟ್ಟೆಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದ ಹಾಗಿತ್ತು.

ಮಾರ್ಚ್ 10, ಸೋಮ

ಟೆಸ್ಟ್ ಮುಗಿಯಿತು. ನನ್ನದು ಓಕೆ. ಅವಳದು ಇಲ್ಲ.

ಬರೆಯಲು ಏನೂ ಇಲ್ಲ.

ಮಾರ್ಚ್ 13, ಗುರು. ಮಧ್ಯಾಹ್ನ, ಲೈಬ್ರರಿ

ಇದೆ. ಬರೆಯದೆ ಇರಲು ಆಗುತ್ತಿಲ್ಲ.

ಟೆಸ್ಟಿಗೆ ಕೊಟ್ಟದ್ದು ಮಿನಿಬಸ್ಸಿನ ಆಕ್ಸಲ್. ಟೇಬಲ್‌ನಲ್ಲಿ ಅದರ ಸಾಲು ಪಾಯಿಂಟ್ ಟೂ ಝೀರೋದಿಂದ ಟೂ ಏಟ್. ಅದರ ಮೇಲಿನ ಸಾಲು ಪುಟ್ಟ ವ್ಯಾನಿನದು, ಒನ್ ಝೀರೋದಿಂದ ಒನ್ ಫೈವ್. ನನ್ನ ಕಣ್ಣು ಸರಿಯಾದ ಸಾಲಿನ ಮೇಲೇ ಇತ್ತು. ಬಾಯಿ ಮೇಲಿನ ಸಾಲು ಓದಿತು.

ಅವಳು ಎರಡೂ ಪಕ್ಕದ ಅಡ್ಜಸ್ಟರ್ ರಿಂಗ್ ತಿರುಗಿಸಿದಳು, ಒಂದು ಕಡೆ ಎಷ್ಟು ಸಡಿಲವೋ ಇನ್ನೊಂದು ಕಡೆ ಅಷ್ಟೇ ಬಿಗಿ. ವೀಲು ಒಂದು ಸಲ ಆಡಿಸಿದಳು, ಮತ್ತೊಂದು ಸಲ ಆಡಿಸಿದಳು.

"ಇಷ್ಟು ಬಿಗಿಯೇನೇ? ಕೈಗೆ ಯಾಕೋ ಸರಿ ಬರ್ತಿಲ್ಲ. ಇನ್ನೊಂದ್ಸಲ ನೋಡೇ."

ನೋಡಿದೆ. ಇನ್ನೊಂದು ಸಲವೂ ಅದನ್ನೇ ಹೇಳಿದೆ.

"ಸರಿ, ಪುಸ್ತಕ ಹೇಳಿದ್ಮೇಲೆ ಮುಗೀತು" ಅಂದಳು. ಲಾಕ್ ಮಾಡಿದಳು.

ಸರ್ ಬಂದು ಹಲ್ಲಿಗೆ ಹಳದಿ ಬಣ್ಣ ಬಳಿದು ತಿರುಗಿಸಿದರು. ಅಚ್ಚು ಹಲ್ಲಿನ ನಡುವೆ ಬೀಳಬೇಕು. ಬಿದ್ದದ್ದು ಒಳತುದಿಯಲ್ಲಿ.

"ಕೆಲಸ ಚೊಕ್ಕ, ಅಳತೆ ತಪ್ಪು. ಅಳತೆ ತಪ್ಪಿದ್ರೆ ನಿನ್ನ ಚೊಕ್ಕ ತಗೊಂಡು ಏನಮ್ಮ ಮಾಡ್ಲಿ? ಯಾರು ನೋಡಿದ್ದು ಸಾಲು?"

ಅವಳು ನನ್ನ ಕಡೆ ತಿರುಗಿದಳು. ಒಂದೇ ಸಲ.

"ನಾನೇ ಸರ್. ಗೊತ್ತಾಗುತ್ತೆ ಅಂದ್ಕೊಂಡು ನಾನೇ ನೋಡ್ದೆ."

ಹಿಂದಿನ ಬೆಂಚಿನಿಂದ ಯಾರೋ, "ಓಹೋ, ಗ್ರೀಸು ಇಂಗ್ಲಿಷ್ ಓದಿದ್ಲಂತೆ!" ಎಲ್ಲರೂ ನಕ್ಕರು. ಅವಳೂ ನಕ್ಕಳು. ನಾನು ಮ್ಯಾನುವಲ್ಲಿನ ಪುಟ ತಿರುವಿದೆ.

ಆಮೇಲೆ ನನ್ನ ಸರದಿ. ಸರಿಯಾದ ಸಾಲು ನನಗೆ ಗೊತ್ತೇ ಇತ್ತು. ಪಾಯಿಂಟ್ ಟೂ ಫೋರ್‌ಗೆ ತರಲು ಒಂದೂವರೆ ಗಂಟೆ ಬೇಕಾಯಿತು. ರೀಡಿಂಗ್ ಬರೆದುಕೊಂಡವಳು ಅವಳು.

ನಿನ್ನೆ ಸ್ಪ್ಯಾನರ್ ತೊಳೆಯುವಾಗ ತಾನಾಗೇ ಹೇಳಿದಳು. "ಗಾಬರೀಲಿ ಮೇಲಿನ ಸಾಲು ಓದ್ಬಿಟ್ಟೆ ಅಲ್ವಾ? ನೀನು ಟೂ ಫೋರ್‌ಗೆ ಇಟ್ಟಾಗ ಖಾತ್ರಿ ಆಯ್ತು. ಹೋಗ್ಲಿ ಬಿಡೇ. ಅವತ್ತು ನಿನ್ನ ಹೆಸ್ರು ಹೇಳಿದ್ರೆ ಅಲ್ಲೇ ಅತ್ತು, ನಿನ್ನ ಟೆಸ್ಟೂ ಕೆಡಿಸ್ಕೋತಿದ್ದೆ. ಇಬ್ರಲ್ಲಿ ಒಬ್ರಾದ್ರೂ ಹೋಗ್ಲಿ."

"ಅಪ್ಪ ಏನಂದ್ರು?"

"ಇನ್ನೂ ಹೇಳಿಲ್ಲ. ಮಗಳು ಡಿಪೋಗೆ ಹೋಗ್ತಾಳೆ ಅಂತ ಗ್ಯಾರೇಜಲ್ಲಿ ಎಲ್ರಿಗೂ ಡಂಗುರ ಹೊಡ್ದಿದ್ದಾನೆ."

ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸಿದೆ. ನಾಚಿಕೆ ಆಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಬಂದದ್ದು ಆ ಹಳೇ ಉರಿಯೇ. ಕೈಯೂ ಅವಳದೇ, ಅಪ್ಪನೂ ಅವಳಿಗೇ, ಈಗ ಒಳ್ಳೆತನವೂ ಅವಳ ಪಾಲಿಗೇ ಬಂತೇ?

ಮಾರ್ಚ್ 14, ಶುಕ್ರ. ಬೆಳಿಗ್ಗೆ 9.44

ವರ್ಕ್‌ಶಾಪಿನ ಮೆಟ್ಟಿಲು. ಹತ್ತಕ್ಕೆ ಪಟ್ಟಿ ಹಾಕುತ್ತಾರೆ. ಸರ್ ರೂಮಿನ ಬಾಗಿಲು ಅರ್ಧ ತೆರೆದಿದೆ. ಎರಡು ಸಲ ಎದ್ದೆ, ಎರಡು ಸಲ ಕೂತೆ. ಇಂಗ್ಲಿಷ್‌ನಲ್ಲಿ ವಾಕ್ಯ ರೆಡಿ ಇದೆ: ಸಾರಿ ಸರ್, ಐ ಮಿಸ್‌ರೆಡ್ ಇಟ್. ಸುಳ್ಳು. ಮಿಸ್‌ರೆಡ್ ಅಲ್ಲ ಅದು.

ನಿಜ ಹೇಳಿದರೂ ಕೊನೆಗೆ ದೊಡ್ಡ ಮನಸ್ಸಿನವಳಾಗುವುದು ಅವಳೇ... ಈಗಲೂ ಇದೇ ಯೋಚನೆ ನನಗೆ. ಥೂ.

9.53

ಅವಳು ಬಂದಳು. ಪಕ್ಕದಲ್ಲೇ ಕೂತಿದ್ದಾಳೆ. "ನಿನ್ನ ಹೆಸ್ರೇ ಇರುತ್ತೆ ಕಣೇ, ಯಾಕಿಷ್ಟು ಬೆವರ್ತಿದ್ದೀಯ?" ಅಂದಳು. "ಅದೇನೇ ಅಷ್ಟೊಂದು ಬರೀತಿರೋದು?" ಕತ್ತು ಚಾಚುತ್ತಿದ್ದಾಳೆ. ಕೈ ಅಡ್ಡ ಇಟ್ಟು ಬರೆಯುತ್ತಿದ್ದೇನೆ.

ಇದು ಮ್ಯಾನುವಲ್ ಅಲ್ಲ. ಇಂಗ್ಲಿಷೂ ಅಲ್ಲ. ಇದನ್ನು ಅವಳಿಗೆ ಯಾರೂ ಓದಿ ಹೇಳಬೇಕಾಗಿಲ್ಲ.

ಪಟ್ಟಿಗೆ ಇನ್ನೂ ಆರು ನಿಮಿಷ. ಕೈ ತೆಗೆದೆ. ಒಂದು ಪುಟ ಹಿಂದಕ್ಕೆ, ಗುರುವಾರಕ್ಕೆ ತಿರುವಿ, ಪುಸ್ತಕ ಅವಳ ಮುಂದೆ—